ಡ್ರಮ್ಮಿನೊಳಗಿನ ಕಪ್ಪು ಚುಕ್ಕೆ

ಕೇಳುಗರಿಗೆ ನಮಸ್ಕಾರ. ಬೆಂಗಳೂರಲ್ಲಿ ಮಳೆ ಶುರುವಾದರೆ ಸಾಕು, ಕತ್ತಲಾಗುತ್ತಿದ್ದಂತೆ ಎಲ್ಲರ ಮನೆಯಲ್ಲೂ ಕಿಟಕಿ ಬಾಗಿಲು ಧಡಧಡ ಮುಚ್ಚುತ್ತೇವೆ. ಮುಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಡೆಂಗಿ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲು ಹೊತ್ತು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ.

ಇದು ಮೋರಿ ಸೊಳ್ಳೆ ಅಲ್ಲ. ಅದಕ್ಕೆ ಬೇಕಾದ್ದು ನಮ್ಮ ಮನೆಯ ತಿಳಿನೀರು. ನಲ್ಲಿ ದಿನ ಬಿಟ್ಟು ದಿನ ಬಂದರೆ ಡ್ರಮ್ಮು, ಬಕೆಟ್ಟು ತುಂಬಿಸಿಡದೆ ಏನು ಮಾಡೋದು, ಅಲ್ವಾ?

ನಮ್ಮ ಬಚ್ಚಲ ಪಕ್ಕದ ನೀಲಿ ಡ್ರಮ್ಮನ್ನು ನಾನು ವಾರಕ್ಕೊಮ್ಮೆ ತಪ್ಪದೆ ಖಾಲಿ ಮಾಡುತ್ತಿದ್ದೆ, ಆದರೂ ಮತ್ತೆ ತುಂಬಿದ ನಾಲ್ಕೇ ದಿನಕ್ಕೆ ನೀರಲ್ಲಿ ಮರಿಗಳು ಬಳುಕಾಡುತ್ತಿದ್ದವು. ಮನೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ತೋರಿಸಿದರು. ನೀರಿನ ಗೆರೆಯ ಸ್ವಲ್ಪ ಮೇಲೆ, ಒಳಗೋಡೆಗೆ ಅಂಟಿಕೊಂಡು, ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆಗಳು. ನಾನು ಸುಮ್ನೆ ಕೊಳೆ ಅಂದುಕೊಂಡಿದ್ದೆ. ಮೊಟ್ಟೆ! ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರಲ್ಲಿ ಮುಳುಗಿದರೆ ಮರಿಯಾಗುತ್ತದೆ, ಮರಿ 7ರಿಂದ 10 ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು. ತೆಂಗಿನ ನಾರು ಹಿಡಿದು ಒಳಗೋಡೆಯನ್ನು ಗಸಗಸ ಉಜ್ಜಬೇಕು, ತೊಳೆದು ತುಂಬಿ, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಬೇಕು.

ಬೀದಿಯಲ್ಲಿ ಹೊಗೆ ಬಿಟ್ಟರೆ ಹಾರುವ ಸೊಳ್ಳೆ ಸಾಯಬಹುದು, ಡ್ರಮ್ಮಿನ ಮೊಟ್ಟೆಗೆ ಏನೂ ಆಗುವುದಿಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ ಇಟ್ಟಿತು. ದಂಡಕ್ಕೆ ಹೆದರಿ ಡ್ರಮ್ಮು ಉಜ್ಜಿದವರು ಎಷ್ಟು ಜನವೋ, ನನಗಂತೂ ಅನುಮಾನ.

ಇನ್ನು, ಜ್ವರ ಬಂದೇಬಿಟ್ಟರೆ ಡಾಕ್ಟರಿಗೆ ತೋರಿಸಿ. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬೇಡಿ, ರಕ್ತ ಸೋರುವ ಭಯ ಜಾಸ್ತಿಯಾಗುತ್ತದೆ. ಜ್ವರ ಇಳಿಯಿತು ಅಂತ ಆಫೀಸಿಗೆ ಓಡಲೂ ಬೇಡಿ, ಡೆಂಗಿಯಲ್ಲಿ ಅಪಾಯ ಶುರುವಾಗುವುದು ಎಷ್ಟೋ ಸಲ ಆಗಲೇ. ತಡೆಯಲಾಗದ ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ಇದರಲ್ಲಿ ಒಂದು ಕಂಡರೂ ಸೀದಾ ಆಸ್ಪತ್ರೆ.

ಹಾಂ, ಫ್ರಿಜ್ಜಿನ ಹಿಂದೆ ನೀರು ಸೋರಿ ನಿಲ್ಲುವ ಒಂದು ತಟ್ಟೆ ಇರುತ್ತದೆ. ನಮ್ಮದನ್ನು ಕೊಂಡ ಆರು ವರ್ಷಕ್ಕೆ ಮೊದಲ ಸಲ ಎಳೆದು ನೋಡಿದೆ. ಅದರಲ್ಲೂ ಮರಿಗಳಿದ್ದವು, ಜೊತೆಗೆ ಮಗಳ ಕಳೆದುಹೋದ ಪೆನ್ಸಿಲ್ಲು. ನಮಸ್ಕಾರ.