ಡಯಲ್‌ಗೆ ಕೈ ಹಾಕಬೇಡಿ

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವುದು ಹತ್ತು ನಿಮಿಷ. ಆದ್ದರಿಂದ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಬೀರುವಿನಲ್ಲೋ, ತಾತನ ಟ್ರಂಕಿನಲ್ಲೋ ಹಳೇ ವಾಚು ಇದ್ದರೆ ಅದರ ಡಯಲ್‌ಗೆ ಹೊಸ ಬಣ್ಣ ಹೊಡೆಸಬೇಡಿ. ಇಷ್ಟು ಕೇಳಿಸಿಕೊಂಡು ರೇಡಿಯೋ ಆಫ್ ಮಾಡಿದರೂ ನನಗೆ ಬೇಜಾರಿಲ್ಲ.

ಮೂವತ್ತು ವರ್ಷದಿಂದ ಮೈಸೂರಿನಲ್ಲಿ ವಾಚು ರಿಪೇರಿ ಮಾಡುತ್ತಿದ್ದೇನೆ. ನನಗೆ ಎಲ್ಲಕ್ಕಿಂತ ಹುಚ್ಚು ಇರುವುದು ವಿಮಾನ ಹಾರಿಸುವವರಿಗೆ ಅಂತಲೇ ಮಾಡಿದ ಹಳೇ ಕೈಗಡಿಯಾರಗಳ ಮೇಲೆ. ಯಾಕೆ ಅಂತ ಕೇಳುತ್ತೀರಿ. ಅವುಗಳಲ್ಲಿ ಚಂದಕ್ಕೆ ಅಂತ ಮಾಡಿದ್ದು ಏನೂ ಇಲ್ಲ, ಎಲ್ಲಕ್ಕೂ ಒಂದು ಕಾರಣ ಇದೆ. ಕಪ್ಪು ಡಯಲ್ ಮೇಲೆ ದಪ್ಪ ಬಿಳಿ ಅಂಕಿ ಯಾಕೆ? ಕತ್ತಲಲ್ಲಿ, ವಿಮಾನ ಅಲುಗಾಡುವಾಗ, ಒಂದೇ ನೋಟಕ್ಕೆ ಕಾಣಬೇಕು. ಕೆಲವದರಲ್ಲಿ ಹನ್ನೆರಡರ ಜಾಗದಲ್ಲಿ ತ್ರಿಕೋನ ಇರುತ್ತದೆ. ಮೇಲೆ ಯಾವುದು ಕೆಳಗೆ ಯಾವುದು ಅಂತ ಯೋಚಿಸುತ್ತಾ ಕೂರಬಾರದು, ಅದಕ್ಕೆ. ಕೀ ಕೊಡುವ ಗುಂಡಿ ಅಷ್ಟು ದಪ್ಪ ಇರುವುದು ಕೈಗವಸು ಹಾಕಿಕೊಂಡೇ ತಿರುಗಿಸಲಿ ಅಂತ. ಜರ್ಮನಿಯವರು ಯುದ್ಧದ ಕಾಲದಲ್ಲಿ ಮಾಡಿಸಿದ ವಾಚುಗಳು 55 ಮಿಲಿಮೀಟರ್ ಅಗಲ ಇದ್ದವು. ಕೋಟಿನ ತೋಳಿನ ಮೇಲೆ ಕಟ್ಟುತ್ತಿದ್ದರು.

ಇದು ಶುರುವಾಗಿದ್ದು 1904ರಲ್ಲಿ. ಸ್ಯಾಂಟೋಸ್ ಡ್ಯುಮಾಂಟ್ ಅಂತ ಬ್ರೆಜಿಲ್ ದೇಶದವನೊಬ್ಬ ಪ್ಯಾರಿಸ್ಸಿನ ಆಕಾಶದಲ್ಲಿ ಹಾರಾಡುತ್ತಿದ್ದ. ಆಗ ಗಂಡಸರದೆಲ್ಲ ಜೇಬಿನ ಗಡಿಯಾರ. ಎರಡೂ ಕೈ ಯಂತ್ರ ಹಿಡಿದಿರುವಾಗ ಜೇಬಿಗೆ ಕೈ ಹಾಕುವುದು ಹೇಗೆ? ಸ್ನೇಹಿತ ಲೂಯಿ ಕಾರ್ಟಿಯರ್ ಹತ್ತಿರ ಈ ಕಷ್ಟ ಹೇಳಿಕೊಂಡ. ಕಾರ್ಟಿಯರ್ ಅವನ ಕೈಗೆ ಕಟ್ಟಿಕೊಳ್ಳುವ ಗಡಿಯಾರ ಮಾಡಿಕೊಟ್ಟ.

ಆಮೇಲೆ ದೂರ ಹಾರುವವರು ಬಂದರು. ಸಮುದ್ರದ ಮೇಲೆ ಮೈಲಿಗಲ್ಲು ಇರುವುದಿಲ್ಲ. ಸೂರ್ಯನನ್ನೋ ನಕ್ಷತ್ರವನ್ನೋ ಅಳೆದು, ವಾಚು ನೋಡಿ, ಎಲ್ಲಿದ್ದೇವೆ ಅಂತ ಲೆಕ್ಕ ಹಾಕಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ವಾಚು ಒಂದೇ ಒಂದು ನಿಮಿಷ ತಪ್ಪಿದ್ದರೆ, ನಮ್ಮ ಮೈಸೂರಿನ ಅಕ್ಷಾಂಶದಲ್ಲಿ ಲೆಕ್ಕ ಸುಮಾರು 27 ಕಿಲೋಮೀಟರ್ ತಪ್ಪುತ್ತದೆ. ಇಲ್ಲಿಂದ ಶ್ರೀರಂಗಪಟ್ಟಣ ಕೂಡ ಅಷ್ಟು ದೂರ ಇಲ್ಲ. ಆ ವಾಚನ್ನು ನಂಬಿಕೊಂಡು ಜನ ಸಮುದ್ರ ದಾಟುತ್ತಿದ್ದರು. ಅಂಥ ವಾಚಿನ ಮುಖವನ್ನು ಕೆರೆದು ಬಣ್ಣ ಹೊಡೆಯುವುದು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಮದ್ದೂರಿನ ಗೌಡರ ವಿಷಯ ಹೇಳಬೇಕು.

ಏಳೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಕಬ್ಬು ಬೆಳೆಯುವ ರೈತರು. ಎಲೆಅಡಿಕೆ ಚೀಲ ಬಿಚ್ಚಿ, ಅದರೊಳಗಿಂದ ಸಣ್ಣ ಬಟ್ಟೆ ಗಂಟು ತೆಗೆದು, ಗಂಟಿನೊಳಗಿಂದ ವಾಚು ತೆಗೆದರು. "ಸ್ವಾಮಿ, ನಮ್ಮ ತಾತಂದು. ಮಗಳ ಮದುವೆ ಐತೆ, ಅಳಿಯಂಗೆ ಕೊಡಾನ ಅಂತ. ಒಸಿ ಹೊಸದು ಮಾಡ್ಕೊಡಿ" ಅಂದರು.

ಪುಟ್ಟ ವಾಚು. ತಿರುಗಿಸಿ ನೋಡಿದೆ. ಹಿಂದಿನ ಮುಚ್ಚಳದ ಮೇಲೆ ಟೈಪ್ ಎ-11 ಅಂತ ಕೆತ್ತಿತ್ತು. ನನ್ನ ಕೈ ಒಂದು ಸಲ ನಡುಗಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆ ತನ್ನ ವಿಮಾನದವರಿಗೆ ಕೊಡುತ್ತಿದ್ದ ವಾಚು ಅದು. ಎಲ್ಜಿನ್, ವಾಲ್ಥಮ್, ಬುಲೋವಾ ಅಂತ ಮೂರು ಕಂಪನಿಗಳು ಮಾಡುತ್ತಿದ್ದವು. ಇದು ಎಲ್ಜಿನ್. ಗುಂಡಿ ಹೊರಗೆ ಎಳೆದೆ, ಸೆಕೆಂಡಿನ ಮುಳ್ಳು ಟಕ್ ಅಂತ ನಿಂತಿತು. ಅದು ಕೆಟ್ಟಿದ್ದಲ್ಲ, ಅದೇ ಅದರ ವಿಶೇಷ. ಹೊರಡುವ ಮುಂಚೆ ಎಲ್ಲರೂ ಗುಂಡಿ ಎಳೆದು ಮುಳ್ಳು ನಿಲ್ಲಿಸಿ, ಒಬ್ಬರು ಹೇಳಿದ ತಕ್ಷಣ ಒತ್ತುತ್ತಿದ್ದರು. ಆಗ ಎಲ್ಲರ ವಾಚೂ ಸೆಕೆಂಡಿನ ಲೆಕ್ಕದಲ್ಲಿ ಒಂದೇ ಸಮಯ ತೋರಿಸುತ್ತಿತ್ತು.

ಇದು ಮದ್ದೂರಿಗೆ ಹೇಗೆ ಬಂತು? ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಶುರುವಾಯಿತಲ್ವಾ, ಈಗಿನ ಎಚ್‌ಎಎಲ್. ಯುದ್ಧದ ಸಮಯದಲ್ಲಿ ಅಮೆರಿಕದವರು ಅಲ್ಲಿ ತಮ್ಮ ವಿಮಾನ ರಿಪೇರಿ ಮಾಡಿಸುತ್ತಿದ್ದರು. ಗೌಡರ ತಾತ ಅಲ್ಲಿ ಕೆಲಸಕ್ಕಿದ್ದರಂತೆ. ಊರಿಗೆ ಹೊರಟು ನಿಂತ ಒಬ್ಬ ಅಮೆರಿಕದವನು ಕೈಯಿಂದ ಬಿಚ್ಚಿ ಕೊಟ್ಟನಂತೆ. ಅವನ ಹೆಸರೇನು ಅಂತ ಕೇಳಿದೆ. ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಡಯಲ್ ಹೇಗಿತ್ತು ಅಂತ ಹೇಳಲೇಬೇಕು. ಕಪ್ಪು ಬಣ್ಣ ಎಪ್ಪತ್ತು ವರ್ಷದಲ್ಲಿ ನಿಧಾನವಾಗಿ ತಿರುಗಿ ಹುರಿದ ಕಾಫಿ ಬೀಜದ ಬಣ್ಣ ಆಗಿತ್ತು. ಅಂಕಿ ಒಂದೂ ಅಳಿಸಿರಲಿಲ್ಲ. ಸಂಗ್ರಹ ಮಾಡುವವರು ಇಂಥ ಡಯಲ್‌ಗೆ ಟ್ರಾಪಿಕಲ್ ಅನ್ನುತ್ತಾರೆ, ಹುಡುಕಿಕೊಂಡು ಬರುತ್ತಾರೆ. ನಾನು ಗೌಡರಿಗೆ ಕಾಫಿ ತರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಒಳಗಿನ ಮಿಷನ್ ತೊಳೆದು ಎಣ್ಣೆ ಹಾಕ್ತೀನಿ, ಗಾಜು ಬದಲಾಯಿಸ್ತೀನಿ, ಡಯಲ್ ಮುಟ್ಟಲ್ಲ, ನೀವೂ ಮುಟ್ಟಿಸಬೇಡಿ ಅಂದೆ. ಆಗಲಿ ಅಂದರು. ವಾರದಲ್ಲಿ ಕೆಲಸ ಮುಗಿಸಿ ಕೊಟ್ಟೆ.

ಎರಡು ತಿಂಗಳಾದ ಮೇಲೆ ಮತ್ತೆ ಬಂದರು. ಮುಳ್ಳು ಉಜ್ಜುತ್ತಿದೆ, ನಿಂತು ನಿಂತು ಹೋಗುತ್ತಿದೆ ಅಂದರು. ವಾಚು ನೋಡಿದರೆ ಡಯಲ್ ಬಿಳಿ! ಬಂಗಾರದ ಬಣ್ಣದ ಅಂಕಿ! ಮೊದಲು ಆ ಡಯಲ್ ಮೇಲೆ ಯಾವ ಹೆಸರೂ ಇರಲಿಲ್ಲ, ಈಗ ಎಲ್ಜಿನ್ ಅಂತ ದೊಡ್ಡದಾಗಿ ಬರೆದಿತ್ತು, ಅದೂ ಓರೆಯಾಗಿ. ಮದುವೆ ಮನೆಯಲ್ಲಿ ನೆಂಟರು, ಇದೇನು ಅಳಿಯನಿಗೆ ಇಂಥ ಮಾಸಲು ವಾಚು ಕೊಡ್ತೀರಾ ಅಂದರಂತೆ. ಇವರಿಗೆ ಅವಮಾನ ಆಗಿದೆ. ಬೇರೆ ಯಾವುದೋ ಅಂಗಡಿಗೆ ಕೊಟ್ಟಿದ್ದಾರೆ. ಅವರು ಹಳೇ ಬಣ್ಣವನ್ನು ಹಿತ್ತಾಳೆ ಕಾಣುವವರೆಗೂ ಕೆರೆದು, ದಪ್ಪಗೆ ಹೊಸದು ಬಳಿದಿದ್ದಾರೆ. ಆ ದಪ್ಪಕ್ಕೇ ಮುಳ್ಳು ಉಜ್ಜುತ್ತಿತ್ತು.

"ತಿರ್ಗಾ ಮೊದಲಿನಂಗೆ ಆಯ್ತದಾ ಸ್ವಾಮಿ?"

ಆಗಲ್ಲ ಗೌಡ್ರೇ ಅಂದೆ. ಅವರು ತುಂಬಾ ಹೊತ್ತು ಬೆಂಚಿನ ಮೇಲೆ ಕೂತೇ ಇದ್ದರು.

ನೋಡಿ, ನಮ್ಮ ಮೈಸೂರಿನ ಗಡಿಯಾರ ಗೋಪುರ, ಅದೇ ದೊಡ್ಡ ಗಡಿಯಾರ, ಅದರ ಮುಖದಲ್ಲಿ ಕನ್ನಡ ಅಂಕಿಗಳಿವೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿಸಿದ್ದು. ನಾಳೆ ಯಾರೋ ಬಂದು, ಇದು ಹಳೇದಾಯ್ತು, ಕಿತ್ತು ಹೊಳೆಯುವ ಪ್ಲಾಸ್ಟಿಕ್ ಮುಖ ಹಾಕ್ತೀನಿ ಅಂದರೆ ಬಿಡ್ತೀರಾ? ಮೈಸೂರೇ ಬೀದಿಗೆ ಇಳಿಯುತ್ತದೆ. ಕೈಗೆ ಕಟ್ಟುವ ಗಡಿಯಾರಕ್ಕೂ ಅದೇ ನ್ಯಾಯ ಬೇಡವಾ?

ಸಮಯ ಆಗುತ್ತಾ ಬಂತು, ಮಿಕ್ಕಿದ್ದು ಬೇಗ ಹೇಳುತ್ತೇನೆ.

ಹೊಸದಾಗಿ ಸಂಗ್ರಹ ಶುರು ಮಾಡುವವರು ವಿದೇಶದ ವಾಚಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲ. ನಮ್ಮ ಎಚ್‌ಎಂಟಿ ಪೈಲಟ್ ಇದೆ. ಕಪ್ಪು ಡಯಲ್, 17 ಜ್ಯುವೆಲ್ (ಒಳಗಿನ ಚಕ್ರಗಳು ಸವೆಯದಿರಲಿ ಅಂತ ಕೂರಿಸುವ ಪುಟ್ಟ ಕಲ್ಲುಗಳು), ದಿನಾ ಕೀ ಕೊಡಬೇಕು. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದರು. ಈಗ ಆ ಕಾರ್ಖಾನೆಗಳು ಮುಚ್ಚಿವೆ, ಬೇಡಿಕೆ ಮಾತ್ರ ಜಾಸ್ತಿ ಆಗಿದೆ. ಬೇಡಿಕೆ ಜಾಸ್ತಿ ಆದ ಕಡೆ ಬಣ್ಣ ಬಳಿದ ಡಯಲ್ ಕೂಡ ಜಾಸ್ತಿ. ಕೊಳ್ಳುವ ಮುಂಚೆ ಭೂತಗನ್ನಡಿಯಲ್ಲಿ ಅಕ್ಷರದ ಅಂಚು ನೋಡಿ. ಕಾರ್ಖಾನೆಯ ಅಕ್ಷರ ಚೂಪಾಗಿರುತ್ತದೆ, ಬಳಿದದ್ದು ಹರಡಿಕೊಂಡಿರುತ್ತದೆ. ನಿಮಿಷದ ಗೆರೆ ಅಂಕಿಗೆ ನೇರ ಇದೆಯಾ ನೋಡಿ. ಕೇಸೆಲ್ಲ ಗೀರು ಬಿದ್ದು ಡಯಲ್ ಮಾತ್ರ ನಿನ್ನೆ ಮಾಡಿದ ಹಾಗಿದ್ದರೆ ಸುಮ್ನೆ ಎದ್ದು ಬನ್ನಿ.

ಇನ್ನೊಂದು ಮುಖ್ಯ ವಿಷಯ. ಯುದ್ಧದ ಕಾಲದ ಎಷ್ಟೋ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಅನ್ನುವ, ವಿಕಿರಣ ಸೂಸುವ ವಸ್ತು ಬೆರೆಸಿದ ಬಣ್ಣ ಹಾಕಿದ್ದಾರೆ. ಈಗ ಹೊಳೆಯದಿದ್ದರೂ ರೇಡಿಯಂ ಅಲ್ಲೇ ಇದೆ. ಅದರ ಶಕ್ತಿ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಆ ಪುಡಿ ಉಸಿರಿನಲ್ಲಿ ಒಳಗೆ ಹೋಗಬಾರದು. ಮನೆಯಲ್ಲಿ ಮುಚ್ಚಳ ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಡಯಲ್ ಮುಟ್ಟಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ, ಇವತ್ತೇ ಒಂದು ಕೆಲಸ ಮಾಡಿ. ಮನೆಯಲ್ಲಿ ಹಳೇ ವಾಚು ಇದ್ದರೆ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಕೇಳಿ. ಇದು ಯಾರದ್ದು, ಯಾರು ಕೊಟ್ಟರು, ಯಾವ ವರ್ಷ, ಕೊಟ್ಟವರ ಹೆಸರೇನು. ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆಗೇ ಇಡಿ. ನಮಸ್ಕಾರ.