ಆರರಲ್ಲಿ ಐದು ಒಂದೇ ಮನೆಯವು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪ್ಲೇನ್ಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಸಾವಿರ ಜನರೂ ಇಲ್ಲ. ಸುತ್ತಲೂ ಕಡಲೆಕಾಯಿ ಹೊಲ. 1965ರಲ್ಲಿ ಆ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಂದು ವಿಷಯ ಮತಕ್ಕೆ ಬಂತು. ಕಪ್ಪು ಜನ ಆರಾಧನೆಗೆ ಬಂದರೆ ಒಳಗೆ ಬಿಡಬೇಕೋ, ಬಾಗಿಲಲ್ಲೇ ತಡೆಯಬೇಕೋ? ತಡೆಯೋಣ ಅನ್ನುವ ಠರಾವು ತಂದವರು ಹೊರಗಿನ ಯಾರೋ ಅಲ್ಲ, ಚರ್ಚಿನ ಡೀಕನ್‌ಗಳೇ.

ಡೀಕನ್ ಅಂದರೆ ನಮ್ಮ ಕನ್ನಡ ಬೈಬಲ್ಲಿನ ಮಾತಿನಲ್ಲಿ ಸಭಾಸೇವಕ. ಕ್ಯಾಥೋಲಿಕರಲ್ಲಿ ಇದು ದೀಕ್ಷೆ ಪಡೆದವರ ಸ್ಥಾನ. ಬ್ಯಾಪ್ಟಿಸ್ಟರಲ್ಲಿ ಹಾಗಲ್ಲ. ಬೇಸಾಯ ಮಾಡೋರು, ಅಂಗಡಿ ಇಟ್ಟೋರು, ಸಭೆಯವರು ನಂಬಿ ಆರಿಸಿದ ಯಾರಾದರೂ ಡೀಕನ್ ಆಗಬಹುದು. ಊರಿನಲ್ಲಿ ಅವರ ಮಾತಿಗೆ ತೂಕ ಜಾಸ್ತಿ.

ಅವತ್ತು ಆ ಡೀಕನ್‌ಗಳಲ್ಲೇ ಒಬ್ಬರು ಎದ್ದು ನಿಂತು, ಇದು ತಪ್ಪು ಅಂದರು. ಅವರ ಹೆಸರು ಜಿಮ್ಮಿ ಕಾರ್ಟರ್. ಆಗಿನ್ನೂ ಅವರು ರಾಷ್ಟ್ರಾಧ್ಯಕ್ಷರಲ್ಲ. ಕಡಲೆಕಾಯಿ ವ್ಯಾಪಾರ ಮಾಡಿಕೊಂಡು, ರಾಜ್ಯದ ಸೆನೆಟ್‌ನಲ್ಲಿ ಸದಸ್ಯರಾಗಿದ್ದವರು. ಮತ ಎಣಿಸಿದಾಗ ಠರಾವಿನ ಪರ 54, ವಿರುದ್ಧ 6. ಆ ಆರರಲ್ಲಿ ಐದು ಕಾರ್ಟರ್ ಮನೆಯವರದ್ದೇ. ಆರನೆಯವರಿಗೆ ಕಿವಿ ಅಷ್ಟಾಗಿ ಕೇಳಿಸುತ್ತಿರಲಿಲ್ಲ ಅಂತ ಹೇಳುತ್ತಾರೆ. ಉಳಿದವರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ, ಸುಮ್ನೆ ಕೂತುಬಿಟ್ಟರು.

ನನಗೆ ಕಾಡೋದು ಆ 54 ಜನರಲ್ಲ, ಸುಮ್ಮನೆ ಕೂತವರು. ಕೈ ಎತ್ತಿದರೆ ನಾಳೆ ಸಂತೆಯಲ್ಲಿ ಮುಖ ನೋಡಬೇಕಲ್ಲ, ಅದೇ ಅಂಜಿಕೆ. ಕಾರ್ಟರ್‌ಗೆ ಆ ಅಂಜಿಕೆ ಇರಲಿಲ್ಲ ಅಂತಲ್ಲ. ಅದರ ಬೆಲೆ ಎಷ್ಟು ಅಂತ ಅವರಿಗೆ ಮೊದಲೇ ಗೊತ್ತಿತ್ತು. 1950ರ ದಶಕದಲ್ಲಿ ದಕ್ಷಿಣದ ಊರೂರಿನಲ್ಲೂ ಬಿಳಿಯರ ಕೌನ್ಸಿಲ್‌ಗಳು ಹುಟ್ಟಿಕೊಂಡವು. ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಬರಬಾರದು ಅನ್ನೋದು ಅವುಗಳ ಹಟ. ಊರಿನವರು ಕಾರ್ಟರ್ ಹತ್ತಿರ ಬಂದು, ನೀವೂ ಸೇರಿ ಅಂದರು. ವಂತಿಗೆ 5 ಡಾಲರ್. ಬೇಕಿದ್ದರೆ ಅದನ್ನೂ ನಾವೇ ಕಟ್ಟುತ್ತೇವೆ ಅಂದರು. ಆ ದುಡ್ಡನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟೇನು, ನಿಮಗೆ ಮಾತ್ರ ಕೊಡೆ ಅಂದರಂತೆ ಕಾರ್ಟರ್. ಸ್ವಲ್ಪ ಕಾಲ ಜನ ಅವರ ಗೋದಾಮಿನ ಕಡೆ ತಲೆ ಹಾಕಲಿಲ್ಲ.

ಈ ಗಟ್ಟಿತನ ಎಲ್ಲಿಂದ ಬಂತು? ಅರ್ಧ ಅಮ್ಮನಿಂದ. ತಾಯಿ ಲಿಲಿಯನ್ ದಾದಿ. ಕಪ್ಪು ಜನರ ಮನೆಗಳಿಗೂ ಹೋಗಿ ಆರೈಕೆ ಮಾಡುತ್ತಿದ್ದವರು. ಈಕೆ 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಎಂಬ ಅಮೆರಿಕದ ಸ್ವಯಂಸೇವಕರ ಪಡೆ ಸೇರಿ ನಮ್ಮ ದೇಶಕ್ಕೇ ಬಂದರು. ಮುಂಬಯಿಯ ವಿಕ್ರೋಲಿಯಲ್ಲಿ ರೋಗಿಗಳ ಸೇವೆ ಮಾಡಿದರು. ಮುಂದೆ 1978ರ ಜನವರಿಯಲ್ಲಿ ಮಗ ಅಧ್ಯಕ್ಷರಾಗಿ ಭಾರತಕ್ಕೆ ಬಂದರು, ಹರಿಯಾಣದ ಒಂದು ಹಳ್ಳಿಗೂ ಹೋದರು. ಆ ಹಳ್ಳಿಗೆ ಈಗಲೂ ಕಾರ್ಟರ್‌ಪುರಿ ಅಂತಲೇ ಹೆಸರು.

ಇನ್ನರ್ಧ ನೌಕಾಪಡೆಯಿಂದ. 1946ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಹೊರಬಂದ ಹುಡುಗ ಜಲಾಂತರ್ಗಾಮಿ ಸೇರಿದ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ವರ್ಣಭೇದ ಇರಕೂಡದು ಅಂತ ಆದೇಶ ಹೊರಡಿಸಿದರು. ಜಲಾಂತರ್ಗಾಮಿಯ ಒಳಗೆ ಬೇರೆ ಬೇರೆ ಕೂರಲು ಜಾಗವಾದರೂ ಎಲ್ಲಿ ಹೇಳಿ! ಒಬ್ಬ ತಪ್ಪು ಮಾಡಿದರೆ ಎಲ್ಲರೂ ಮುಳುಗಬೇಕು.

1952ರ ಡಿಸೆಂಬರ್‌ನಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಒಂದು ಪರಮಾಣು ರಿಯಾಕ್ಟರ್ ಕೆಟ್ಟಿತು. ಅದನ್ನು ಬಿಚ್ಚಲು ಹೋದ ತಂಡಗಳಲ್ಲಿ ಒಂದರ ಮುಂದಾಳು ಕಾರ್ಟರ್. ಒಳಗೆ ವಿಕಿರಣ ಎಷ್ಟಿತ್ತು ಅಂದರೆ ಒಬ್ಬೊಬ್ಬರು ಸುಮಾರು 90 ಸೆಕೆಂಡು ಮಾತ್ರ ಇರಬಹುದಿತ್ತು. ಹಾಗಾಗಿ ಹತ್ತಿರದ ಟೆನಿಸ್ ಅಂಗಳದಲ್ಲಿ ಅಂಥದ್ದೇ ಒಂದು ಮಾದರಿ ಕಟ್ಟಿ, ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಅಂತ ಅಭ್ಯಾಸ ಮಾಡಿದರು. ಓಡಿ ಒಳಗೆ ಹೋಗಿ, ಎಷ್ಟಾಗುತ್ತೋ ಅಷ್ಟು ಬಿಚ್ಚಿ ಹೊರಗೆ ಬರಬೇಕು. ಆಮೇಲೆ ತಿಂಗಳುಗಟ್ಟಲೆ ಅವರ ಮೂತ್ರದಲ್ಲಿ ವಿಕಿರಣ ಕಾಣಿಸುತ್ತಿತ್ತು. ಮರುವರ್ಷ ಅಪ್ಪ ತೀರಿಕೊಂಡರು. ನೌಕರಿ ಬಿಟ್ಟು ಊರಿಗೆ ಮರಳಿದರು. ಹೆಂಡತಿ ರೋಸಲಿನ್‌ಗೆ ಅದು ಎಳ್ಳಷ್ಟೂ ಇಷ್ಟವಿರಲಿಲ್ಲ.

ಇಷ್ಟು ಕೇಳಿ, ಎಲ್ಲ ಹೊತ್ತಿನಲ್ಲೂ ನೇರ ಮಾತಾಡಿದ ಮಹಾನುಭಾವ ಅಂದುಕೊಳ್ಳಬೇಡಿ. 1970ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ ವರ್ಣಭೇದಿಗಳ ಮತಕ್ಕೂ ಅವರು ಕೈ ಚಾಚಿದರು. ಯಾರಿಗೂ ನೋವಾಗದ ಹಾಗೆ, ಎಲ್ಲರಿಗೂ ತಮ್ಮವರು ಅನ್ನಿಸುವ ಹಾಗೆ ಮಾತಾಡಿದರು. ನನಗೆ ಅದು ಇವತ್ತಿಗೂ ಮುಜುಗರದ ಪುಟ. ಗೆದ್ದು 1971ರ ಜನವರಿಯಲ್ಲಿ ಪ್ರಮಾಣ ಸ್ವೀಕರಿಸಿದ ದಿನ, ವರ್ಣಭೇದದ ಕಾಲ ಮುಗಿಯಿತು ಅಂತ ಎದುರಿಗೇ ಹೇಳಿಬಿಟ್ಟರು. ಮತ ಹಾಕಿದ ಎಷ್ಟೋ ಜನರಿಗೆ ಮೋಸ ಹೋದ ಹಾಗಾಯಿತು. ಮತ ಸಿಕ್ಕ ಮೇಲೆ ನಿಜ ಹೇಳುವುದು ಧೈರ್ಯವೋ, ಜಾಣತನವೋ? ಎರಡೂ ಇರಬಹುದು.

ಆದರೆ 1976ರಲ್ಲಿ ಆದದ್ದಕ್ಕೆ ಜಾಣತನ ಅನ್ನಲು ಬರುವುದಿಲ್ಲ. ಅಧ್ಯಕ್ಷ ಚುನಾವಣೆಗೆ ಇನ್ನು ಎರಡು ತಿಂಗಳು ಚಿಲ್ಲರೆ. ಸಿಯಾಟಲ್‌ನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ. ಕಾರ್ಟರ್ ಕೂಡ ಆ ಸಂಘದವರೇ. ವಿಯೆಟ್ನಾಂ ಯುದ್ಧಕ್ಕೆ ಕರೆ ಬಂದಾಗ ತಪ್ಪಿಸಿಕೊಂಡ ಹುಡುಗರನ್ನು ನಾನು ಕ್ಷಮಿಸುತ್ತೇನೆ ಅಂತ ಅಲ್ಲಿಯೇ, ಅವರ ಮುಂದೆಯೇ ಹೇಳಿದರು. ಸಭೆ ಕೂಗೆದ್ದಿತು. ಅವರು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಸರಿಯೋ ತಪ್ಪೋ ಕ್ಷಮಿಸೋಣ ಅನ್ನುತ್ತಿದ್ದೇನೆ ಅಂತ ವಿವರಿಸಿದರು. ಕೂಗಾಟ ಜೋರೇ ಆಯಿತು. ಗೆದ್ದು ಅಧಿಕಾರಕ್ಕೆ ಬಂದ ಮರುದಿನ, 1977ರ ಜನವರಿ 21ರಂದು, ಆ ಕ್ಷಮೆಗೆ ಸಹಿ ಹಾಕಿದರು.

ಅಧ್ಯಕ್ಷಗಿರಿಯ ನಾಲ್ಕು ವರ್ಷದ ಕಥೆ ನಿಮಗೆ ಗೊತ್ತಿರುವುದೇ. ಈಜಿಪ್ಟ್ ಇಸ್ರೇಲ್ ನಡುವಿನ ಕ್ಯಾಂಪ್ ಡೇವಿಡ್ ಒಪ್ಪಂದ, ಇರಾನಿನಲ್ಲಿ ಸಿಕ್ಕಿಬಿದ್ದ ಅಮೆರಿಕದ ಒತ್ತೆಯಾಳುಗಳು, ಆಮೇಲೆ ಚುನಾವಣೆಯಲ್ಲಿ ಸೋಲು.

ಮತ್ತೆ ಪ್ಲೇನ್ಸ್‌ಗೆ ಬರೋಣ. ಆ ಹಳೇ ಚರ್ಚು ಅದೇ ಕಪ್ಪು ಬಿಳಿ ಜಗಳದಲ್ಲಿ 1977ರ ಹೊತ್ತಿಗೆ ಒಡೆಯಿತು. ಹೊರಬಂದವರು ಮರನಾಥ ಬ್ಯಾಪ್ಟಿಸ್ಟ್ ಚರ್ಚು ಕಟ್ಟಿಕೊಂಡರು. ಸೋತು ಬಂದ ಕಾರ್ಟರ್ ಈ ಚರ್ಚಿಗೆ ಸೇರಿದರು. ಇಲ್ಲಿ ಡೀಕನ್ ಆದರು, ಭಾನುವಾರದ ಪಾಠ ಹೇಳಿದರು. ತೊಂಬತ್ತು ದಾಟಿದ ಮೇಲೂ ಹೇಳಿದರು. ಪಾಠಕ್ಕೆ ಮುಂಚೆ, ಎಲ್ಲಿಂದ ಬಂದಿರಿ ಅಂತ ಸಭೆಯನ್ನು ಕೇಳುವುದು ರೂಢಿ. ಅವರ ಪಾಠ ಕೇಳಲು ಜನ ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಿದ್ದರು. ಮಾಜಿ ಅಧ್ಯಕ್ಷರು ಚರ್ಚಿನ ಹುಲ್ಲು ಕತ್ತರಿಸುತ್ತಿದ್ದರು, ರೋಸಲಿನ್ ಬಚ್ಚಲು ತೊಳೆಯುತ್ತಿದ್ದರು.

2000ದಲ್ಲಿ ಅವರು ಇನ್ನೊಂದು ಜಗಳ ಕಟ್ಟಿಕೊಂಡರು. ಹೆಂಗಸರು ಪಾಸ್ಟರ್ ಆಗಬಾರದು, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ನಿಂತಿತ್ತು. ಹುಟ್ಟಿದಾಗಿನಿಂದ ಇದ್ದ ಬಳಗ ಅದು. ಎಪ್ಪತ್ತಾರರ ವಯಸ್ಸಿನಲ್ಲಿ ಅದರಿಂದ ದೂರವಾದೆ ಅಂತ ಹೇಳಿಬಿಟ್ಟರು. ಮರನಾಥದಲ್ಲಿ ರೋಸಲಿನ್ ಕೂಡ ಡೀಕನ್ ಆಗಿದ್ದರು ಅನ್ನೋದು ಗಮನಿಸಬೇಕಾದ ಸಂಗತಿ, ಅಲ್ವಾ?

2023ರ ನವೆಂಬರ್‌ನಲ್ಲಿ ರೋಸಲಿನ್ ಹೋದರು. ಅವರದು 77 ವರ್ಷದ ಸಂಸಾರ. 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ಕಾರ್ಟರ್ ಹೋದರು. ವಾಷಿಂಗ್ಟನ್ನಿನ ದೊಡ್ಡ ಕ್ಯಾಥಡ್ರಲ್‌ನಲ್ಲಿ ಸರ್ಕಾರಿ ಗೌರವ ಮುಗಿದ ಮೇಲೆ ಅವರನ್ನು ಅದೇ ದಿನ ಪ್ಲೇನ್ಸ್‌ಗೆ ತಂದರು. ಹಳೆಯ ಸೈನಿಕನಿಗೆ ನೌಕಾಪಡೆಯ ವಿಮಾನಗಳು ಆಕಾಶದಲ್ಲಿ ಸಾಲಾಗಿ ಹಾರಿದವು. ಕೊನೆಯ ಪ್ರಾರ್ಥನೆ ನಡೆದದ್ದು ಮರನಾಥದಲ್ಲಿ. ಕಾಣಿಕೆ ಸಂಗ್ರಹಿಸುವ ಆ ಚರ್ಚಿನ ಮರದ ತಟ್ಟೆಗಳನ್ನು ಕಾರ್ಟರ್ ತಮ್ಮ ಮನೆಯ ಮರಗೆಲಸದ ಕೊಟ್ಟಿಗೆಯಲ್ಲಿ ತಾವೇ ಮಾಡಿಕೊಟ್ಟಿದ್ದರು. ಎದುರು ಗೋಡೆಯ ಮರದ ಶಿಲುಬೆಯೂ ಅವರ ಕೈಯದ್ದೇ.

ನಮಸ್ಕಾರ.