ಬ್ಯಾಂಡ್‌ಸಾ ಕಿರುಚುತ್ತಿತ್ತು, ನಾವು ಮೇಲೆ ನೋಡುತ್ತಿದ್ದೆವು

ಮೊದಲು ಈ ಸದ್ದು ಕೇಳಿ. ಹೆಡ್‌ಫೋನ್ ಹಾಕಿದ್ದರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿಕೊಳ್ಳಿ, ಆಮೇಲೆ ನನ್ನನ್ನು ಬೈಯಬೇಡಿ.

ಇದು ನಮ್ಮ ವರ್ಕ್‌ಶಾಪಿನ 14 ಇಂಚಿನ ಬ್ಯಾಂಡ್‌ಸಾ, ಅಂದರೆ ಎರಡು ಚಕ್ರಗಳ ಮೇಲೆ ಬೆಲ್ಟಿನ ಹಾಗೆ ಸುತ್ತುವ ಬ್ಲೇಡಿನಿಂದ ಮರ ಕೊಯ್ಯುವ ಮಷಿನ್. ನಮ್ಮದು ಅಂದರೆ ನನ್ನದಲ್ಲ. ಬೆಂಗಳೂರಿನ ಒಂದು ಶೆಡ್ಡಿನಲ್ಲಿ ತಿಂಗಳಿಗೆ ಇಷ್ಟು ಅಂತ ಕೊಟ್ಟು ಹತ್ತಾರು ಜನ ಹಂಚಿಕೊಂಡು ಕೆಲಸ ಮಾಡುತ್ತೇವೆ. ಆಟಿಕೆ ಮಾಡುವವರಿದ್ದಾರೆ, ಫರ್ನಿಚರ್ ಮಾಡುವವರಿದ್ದಾರೆ, ಶನಿವಾರ ಮಾತ್ರ ಮುಖ ತೋರಿಸುವ ನನ್ನಂಥವರೂ ಇದ್ದಾರೆ.

ನಾನು ಹಲಸಿನ ಹಲಗೆ ಸೀಳುತ್ತಿದ್ದೆ. ಅಮ್ಮನಿಗೆ ಒಂದು ಮಣೆ ಮಾಡಬೇಕಿತ್ತು. ಮೇಲಿನಿಂದ ನೋಡಿದರೆ ಬ್ಲೇಡ್ ಗೆರೆಯ ಮೇಲೇ ಇದೆ. ಹಲಗೆ ತಿರುಗಿಸಿದರೆ ಅಡಿಯಲ್ಲಿ ಮೂರು ಮಿಲಿಮೀಟರ್ ಆಚೆ ಹೋಗಿದೆ! ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಎರಡು ಶನಿವಾರ ಹಾಳು ಮಾಡಿದೆ. ಬ್ಲೇಡ್ ಅತ್ತಿತ್ತ ಸರಿಯದ ಹಾಗೆ ಹಿಡಿಯುವ ಮೇಲಿನ ಗೈಡಿನ ತಿರುಪನ್ನು ಇನ್ನಷ್ಟು ಬಿಗಿ ಮಾಡಿದೆ. ನನಗಿಂತ ಮೊದಲು ಬಂದವರೂ ಅದನ್ನೇ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು.

ನಮ್ಮಲ್ಲಿ ಒಬ್ಬರು ಹಿರಿಯ ಆಚಾರ್ರು ಇದ್ದಾರೆ. ಜಾಸ್ತಿ ಮಾತಿಲ್ಲ. ನನ್ನ ಹಲಗೆ ಎತ್ತಿ ಅಡಿಭಾಗ ನೋಡಿದರು. "ಏನಮ್ಮಾ, ಟೇಬಲ್ ಕೆಳಗೆ ಬಗ್ಗಿ ನೋಡಿದ್ಯಾ?" ಅಂದರು. ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ.

ಬ್ಯಾಂಡ್‌ಸಾಗೆ ಗೈಡ್ ಎರಡು ಕಡೆ ಇರುತ್ತದೆ. ಒಂದು ಮರದ ಮೇಲೆ, ಇನ್ನೊಂದು ಟೇಬಲ್ಲಿನ ಕೆಳಗೆ. ಪ್ರತಿ ಗೈಡಿನಲ್ಲೂ ಬ್ಲೇಡಿನ ಎಡಕ್ಕೊಂದು ಬಲಕ್ಕೊಂದು ಬ್ಲಾಕ್, ಬೆನ್ನಿಗೆ ಒಂದು ಬೇರಿಂಗ್. ನಾವು ಮರ ತಳ್ಳಿದಾಗ ಬ್ಲೇಡ್ ಹಿಂದಕ್ಕೆ ಸರಿಯುತ್ತದೆ, ಆಗ ಆ ಬೇರಿಂಗ್ ಅದನ್ನು ತಡೆದು ಹಿಡಿಯಬೇಕು. ಮೇಲಿನದು ಕಣ್ಣೆದುರಿಗೇ ಇದೆ, ಎಲ್ಲರೂ ಮುಟ್ಟುತ್ತಾರೆ. ಕೆಳಗಿನದರ ಮೇಲೆ ಇಡೀ ದಿನದ ಹೊಟ್ಟು ಬೀಳುತ್ತದೆ.

ಬಿಚ್ಚುವ ಮೊದಲು ಪ್ಲಗ್ ಕಿತ್ತೆ. ಹಂಚಿಕೊಂಡ ಜಾಗದಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಯಾರೋ ಪುಣ್ಯಾತ್ಮರು ಬಂದು ಆನ್ ಮಾಡಿಬಿಡುತ್ತಾರೆ. ಪ್ಲಗ್ಗಿಗೆ ಟೇಪ್ ಸುತ್ತಿ "ಮುಟ್ಟಬೇಡಿ" ಅಂತ ಬರೆದೆ. ಆದರೂ ಒಬ್ಬರು ಬಂದು ಟೇಪ್ ಬಿಚ್ಚೋಕೆ ಶುರು ಮಾಡಿದ್ದರು, ಅದು ಬೇರೆ ಕಥೆ.

ಟೆನ್ಷನ್ ಸಡಿಲಿಸಿ, ಗ್ಲೌಸ್ ಹಾಕಿಕೊಂಡು ಬ್ಲೇಡ್ ಹೊರಗೆ ತೆಗೆದೆ. ಗ್ಲೌಸ್ ಇದೊಂದು ಕೆಲಸಕ್ಕೆ ಮಾತ್ರ. ಮಷಿನ್ ಓಡುವಾಗ ಬೇಡವೇ ಬೇಡ.

ಇಲ್ಲಿ ನೋಡಿ. ಇದು ಕೆಳಗಿನ ಬೇರಿಂಗ್, ಕಾಣಿಸುತ್ತಿದೆಯಾ? ನನಗೂ ಕಾಣಿಸಲಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರವನ್ನು ಎಲ್ಲರೂ ಇಲ್ಲೇ ಕೊಯ್ಯುತ್ತಾರೆ. ಅದರ ರಾಳ, ಹೊಟ್ಟು ಎಲ್ಲ ಸೇರಿ ಬರ್ಫಿ ಥರ ಗಟ್ಟಿಯಾಗಿ ಕೂತಿದೆ. ಕೆರೆದು ತೆಗೆದರೆ ಒಳಗೆ ಬೇರಿಂಗ್ ತಿರುಗುತ್ತಲೇ ಇಲ್ಲ. ಮುಖದ ಮೇಲೆ ಬ್ಲೇಡ್ ಕೊರೆದ ಕಚ್ಚು, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಈ ಗಾತ್ರದ ಮಷಿನ್ನಿನಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತದೆ. ಅದರ ಬೆನ್ನು ತಾಗಿದರೆ ಇಷ್ಟು ಚಿಕ್ಕ ಬೇರಿಂಗ್ ನಿಮಿಷಕ್ಕೆ ಹತ್ತಿರ ಹತ್ತಿರ 10,000 ಸುತ್ತು ತಿರುಗಬೇಕು. ತಿರುಗದೆ ನಿಂತರೆ ಉಕ್ಕಿಗೆ ಉಕ್ಕು ಉಜ್ಜುತ್ತದೆ. ಶುರುವಿನಲ್ಲಿ ನೀವು ಕೇಳಿದ ಕಿರುಚಾಟ ಅದೇ.

ಬಿಡಿಭಾಗದ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಬೇರಿಂಗ್ ಮೇಲೆ ನಂಬರ್ ಇತ್ತು, 6201. ಅಂದರೆ ಒಳಗಿನ ತೂತು 12, ಹೊರಗೆ 32, ದಪ್ಪ 10 ಮಿಲಿಮೀಟರ್. ಅಂಗಡಿಯವರು ನಂಬರ್ ಕೇಳಿ ತಲೆ ಎತ್ತದೆಯೇ "ಜೆಡ್‌ಜೆಡ್ಡಾ, ಟೂ ಆರ್‌ಎಸ್ಸಾ ಮೇಡಂ?" ಅಂದರು. ಜೆಡ್‌ಜೆಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ, ಸಣ್ಣ ಸಂದು ಉಳಿದಿರುತ್ತದೆ. ಟೂ ಆರ್‌ಎಸ್‌ನಲ್ಲಿ ರಬ್ಬರ್ ಸೀಲ್ ಒಳಗಿನ ರಿಂಗಿಗೆ ತಾಗಿಯೇ ಇರುತ್ತದೆ, ಹೊಟ್ಟು ಸುಲಭವಾಗಿ ಒಳಗೆ ಹೋಗುವುದಿಲ್ಲ. ಮೇಲಿನ ಗೈಡಿಗೊಂದು, ಕೆಳಗಿನದಕ್ಕೊಂದು ಅಂತ ಟೂ ಆರ್‌ಎಸ್ ಎರಡು ತಗೊಂಡೆ.

ಮೂರು ತಗೋಬೇಕಿತ್ತು. ಮೊದಲನೆಯದನ್ನು ನಾನೇ ಕೊಂದೆ. ಶಾಫ್ಟಿಗೆ ಕೂರಿಸುವಾಗ ಹೊರಗಿನ ರಿಂಗಿಗೆ ಸುತ್ತಿಗೆಯಲ್ಲಿ ಎರಡು ಏಟು ಹಾಕಿದೆ. ಆ ಏಟು ನೇರವಾಗಿ ಒಳಗಿನ ಗುಂಡುಗಳಿಗೆ ಬೀಳುತ್ತದೆ. ಗುಂಡು ಓಡುವ ದಾರಿಯಲ್ಲಿ ಕುಳಿ ಬೀಳುತ್ತದೆ. ಕೂತ ಮೇಲೆ ಕೈಯಲ್ಲಿ ತಿರುಗಿಸಿದರೆ ಕರಕರ, ಹೊಸ ಬೇರಿಂಗಿಗೆ ಆಗಲೇ ಮುಪ್ಪು. ಮತ್ತೆ ಎಸ್‌ಪಿ ರೋಡು, ಮತ್ತೆ ಟ್ರಾಫಿಕ್ಕು. ಎರಡನೇ ಸಲ, ಒಳಗಿನ ರಿಂಗಿಗೆ ಮಾತ್ರ ತಾಗುವ ಸಣ್ಣ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿದೆ. ಹೋಗಿ ಕೂತಿತು.

ಇನ್ನು ಬ್ಲಾಕ್. ಹಳೆಯ ಉಕ್ಕಿನ ಬ್ಲಾಕುಗಳ ಮುಖ ಸವೆದು ಓರೆಯಾಗಿತ್ತು. ಗಾಜಿನ ಮೇಲೆ ಎಮೆರಿ ಪೇಪರ್ ಹಾಕಿ ಉಜ್ಜಿ ನೇರ ಮಾಡಬಹುದಿತ್ತು. ಆದರೆ ಆಚಾರ್ರು ಮೂಲೆಯಿಂದ ಹೈಲಂ ತುಂಡು ತಂದುಕೊಟ್ಟರು. ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಕಂದು ಹಲಗೆ, ಎಲೆಕ್ಟ್ರಿಕ್ ಕೆಲಸದವರಿಗೆ ಚೆನ್ನಾಗಿ ಗೊತ್ತು. ಇದಕ್ಕೆ ಬ್ಲೇಡಿನ ಹಲ್ಲು ಅಪ್ಪಿತಪ್ಪಿ ತಾಗಿದರೆ ಹಲ್ಲು ಉಳಿಯುತ್ತದೆ, ಬ್ಲಾಕ್ ಸವೆಯುತ್ತದೆ. ಉಕ್ಕಾದರೆ ಉಲ್ಟಾ. ಹ್ಯಾಕ್ಸಾದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ ನಾಲ್ಕು ಬ್ಲಾಕ್ ಮಾಡಿದೆ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಒಳ್ಳೆಯದಲ್ಲ.

ಈಗ ಸೆಟ್ಟಿಂಗ್. ಗೈಡುಗಳನ್ನೆಲ್ಲ ಹಿಂದಕ್ಕೆ ಸರಿಸಿ, ಮೊದಲು ಬ್ಲೇಡ್ ಚಕ್ರದ ಮೇಲೆ ಸರಿಯಾಗಿ ಓಡುವ ಹಾಗೆ ಮಾಡಬೇಕು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ. ಆಮೇಲೆ ಬ್ಲಾಕ್. ಬ್ಲೇಡಿಗೂ ಬ್ಲಾಕಿಗೂ ನಡುವೆ ಹತ್ತು ರೂಪಾಯಿ ನೋಟು ಇಟ್ಟು ಬಿಗಿ ಮಾಡಿ, ನೋಟು ಎಳೆದುಕೊಂಡೆ. ಬ್ಲಾಕಿನ ಮುಂದಿನ ಅಂಚು ಹಲ್ಲಿನ ಬುಡಕ್ಕಿಂತ ಒಂಚೂರು ಹಿಂದಿರಲಿ. ಬೆನ್ನಿನ ಬೇರಿಂಗಿಗೆ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಟ್ಟೆ. ಸುಮ್ನೆ ಓಡುವಾಗ ಅದು ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ಇದೇ ಅಳತೆ ಕೆಳಗಡೆಯೂ, ನೆಲದ ಮೇಲೆ ಮಲಗಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು.

ಪ್ಲಗ್ ಹಾಕಿದೆ. ಕಿರುಚಾಟ ಇಲ್ಲ. ಆದರೆ ಕಿವಿಗೊಟ್ಟು ಕೇಳಿ, ಟಿಕ್ ಟಿಕ್ ಟಿಕ್, ಸೆಕೆಂಡಿಗೆ ಸುಮಾರು ಆರು ಸಲ. ಅದು ಬೇರಿಂಗ್ ಅಲ್ಲ. ಬ್ಲೇಡಿನ ಎರಡು ತುದಿ ಸೇರಿಸಿದ ಬೆಸುಗೆ ಗೈಡ್ ದಾಟುವಾಗಲೆಲ್ಲ ತಾಗುವ ಸದ್ದು. ಒಂದೇ ತಾಳದಲ್ಲಿ ಬಂದರೆ ಬೆಸುಗೆ, ಎಡೆಬಿಡದೆ ಕಿರುಚಿದರೆ ಬೇರಿಂಗ್. ನಿಲ್ಲಿಸಿ, ಪ್ಲಗ್ ಕಿತ್ತು, ಬೆಸುಗೆಯ ಉಬ್ಬನ್ನು ಅರದಲ್ಲಿ ಎರಡು ಸಲ ಸವರಿದೆ. ಈಗ ಟಿಕ್ ಕಮ್ಮಿಯಾಗಿದೆ. ಪೂರ್ತಿ ಹೋಗಿಲ್ಲ, ಇರಲಿ.

ಹಲಸಿನ ಹಲಗೆ ಸೀಳಿದೆ. ತಿರುಗಿಸಿ ನೋಡಿದರೆ ಮೇಲೂ ಕೆಳಗೂ ಗೆರೆ ಒಂದೇ. ಹೊಟ್ಟಿನ ಬಣ್ಣ ನೋಡಿ, ಅರಿಶಿನದ ಹಾಗೆ.

ಮುಂದಿನ ಶನಿವಾರ ಬೆಳಿಗ್ಗೆ ಮಣೆಗೆ ಕಾಲು ಹಚ್ಚೋಣ ಅಂತ ಬಂದೆ. ನನಗಿಂತ ಮೊದಲೇ ಒಬ್ಬರು ಬ್ಯಾಂಡ್‌ಸಾ ಮುಂದೆ ನಿಂತಿದ್ದರು. ಇನ್ನೂ ಮಷಿನ್ ಆನ್ ಮಾಡಿಲ್ಲ, ಆಗಲೇ ಕೈ ಮೇಲಿನ ಗೈಡಿನ ತಿರುಪಿನ ಮೇಲೆ.

"ಸಾರ್, ಸಾರ್, ಅದನ್ನ ಮುಟ್ಟಬೇಡಿ" ಅಂತ ಬಾಗಿಲಿನಿಂದಲೇ ಕೂಗಿದೆ.